ಸ್ಥಳಸ್ಮೃತಿ ಸಂಗ್ರಹ: ಗಡಿನಾಡಿನವರಾದ ನಮ್ಮ ಕೈಗೆ ಬಂದಿರುವ ಕೆಲಸ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕಾಸರಗೋಡು ಸೀಮೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಸಂಘವೊಂದರ ವಾರ್ಷಿಕೋತ್ಸವವೆಂದರೆ ಕಳೆದುದನ್ನು ಲೆಕ್ಕವಿಟ್ಟು ಮುಂದಿನದನ್ನು ಚಿಂತಿಸುವ ದಿನ. ಅಂಥ ದಿನದಂದು ಕನ್ನಡ ಪಾಠ ಹೇಳುವುದೊಂದನ್ನೇ ವೃತ್ತಿಯಾಗಿ ಉಳ್ಳ ನಮಗೆ ನಾಲ್ಕು ಮಾತನಾಡಲು ಅವಕಾಶವಿತ್ತುದಕ್ಕಾಗಿ ಕಾರ್ಯಕರ್ತರಿಗೆ ನಾವು ಕೃತಜ್ಞರಾಗಿದ್ದೇವೆ. ಗಡಿನಾಡಿನ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ವಿಷಯಗಳು ಎರಡು: ನಮಗಾದ ಅನ್ಯಾಯ, ನಮಗೆ ಬರಬೇಕಾದ ಹಕ್ಕು. ಇವೆರಡೂ ಅಗತ್ಯವಾದ ಮಾತುಗಳೇ. ಆದರೆ ಇಂದು ನಾವು ಎತ್ತಿಕೊಂಡಿರುವುದು ಯಾರಿಂದಲೂ ಬೇಡಬೇಕಾಗಿಲ್ಲದ, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲದ ಒಂದು ಕೆಲಸವನ್ನು. ಅದು ನಮ್ಮ ಊರೂರಿನ, ಗುಡ್ಡ ಹೊಳೆಗಳ, ಕಟ್ಟೆ ಕಡವುಗಳ ನೆನಪನ್ನು ಆಯಾ ಸ್ಥಳಕ್ಕೇ ಹೊಂದಿಸಿ ಸಂಗ್ರಹಿಸಿಡುವ ಕೆಲಸ. ಇದನ್ನು ಸ್ಥಳಸ್ಮೃತಿ ಸಂಗ್ರಹವೆಂದು ಕರೆಯೋಣ.

ನಮ್ಮ ಸೀಮೆಯ ದೊಡ್ಡ ಚರಿತ್ರೆ ಬರೆಯಲ್ಪಟ್ಟಿದೆ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿದುದು, 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ಚಂದ್ರಗಿರಿ ಹೊಳೆಯ ಉತ್ತರಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದುದು, ಆ ಶಿಫಾರಸು ಕಾರ್ಯಗತವಾಗದೆ ಉಳಿದುದು, 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು, ಇವೆಲ್ಲ ಪುಸ್ತಕಗಳಲ್ಲಿವೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿ ಪದವಿಯನ್ನಿತ್ತುದನ್ನೂ, ಪೆರಡಾಲದಲ್ಲಿ ಉಪಾಧ್ಯಾಯರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿಸಿ 2015ರಲ್ಲಿ ನಮ್ಮನ್ನಗಲಿದುದನ್ನೂ ಮಕ್ಕಳು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಅದೇ ಮಕ್ಕಳನ್ನು, ಶಾಲೆಗೆ ಬರುವ ದಾರಿಯಲ್ಲಿ ದಾಟುವ ತೋಡಿನ ಹೆಸರೇನು, ಅದಕ್ಕೆ ಕಟ್ಟ ಕಟ್ಟುತ್ತಿದ್ದವರು ಯಾರು, ಸೇತುವೆಯಾಗುವ ಮೊದಲು ಜನ ಹೇಗೆ ದಾಟುತ್ತಿದ್ದರು ಎಂದು ಕೇಳಿರಿ, ಉತ್ತರ ಬರುವುದಿಲ್ಲ. ಮಕ್ಕಳ ತಪ್ಪೇನೂ ಇಲ್ಲ. ಅದನ್ನು ಅವರಿಗೆ ಹೇಳಿದವರಿಲ್ಲ, ಬರೆದಿಟ್ಟವರಂತೂ ಇಲ್ಲವೇ ಇಲ್ಲ.

ಊರಿನ ನೆನಪು ಮೊದಲು ಅಡಗಿರುವುದು ಊರಿನ ಹೆಸರಿನಲ್ಲಿ. ಬದಿಯಡ್ಕ, ಬೇಡಡ್ಕ, ಏತಡ್ಕ ಎಂಬಲ್ಲಿ ಕೊನೆಗೆ ಬರುವ 'ಅಡ್ಕ'ವೆಂಬ ಒಂದೇ ಮಾತು ಮುರಕಲ್ಲಿನ ಬಯಲನ್ನು ನಮ್ಮ ಕಣ್ಣಮುಂದೆ ತಂದು ನಿಲ್ಲಿಸುತ್ತದೆ. ಪದವು, ಮಜಲು, ಬೆಟ್ಟು, ಬೈಲು, ಮೂಲೆ, ಪಾಡಿ, ಗುಡ್ಡೆ ಎಂಬ ಒಂದೊಂದು ಉತ್ತರಪದವೂ ಆ ನೆಲ ಎತ್ತರದ್ದೋ ತಗ್ಗಿನದೋ, ಅಲ್ಲಿ ನೀರು ನಿಲ್ಲುವುದೋ ಹರಿಯುವುದೋ ಎಂಬುದನ್ನು ಸಾರುತ್ತದೆ. ಬೈಲು, ಮಜಲು, ಬೆಟ್ಟು ಎಂಬುದು ಗದ್ದೆಗಳನ್ನು ನೀರಿನ ಆಸರೆಗನುಸಾರ ವಿಂಗಡಿಸಿದ ನಮ್ಮ ರೈತನ ಶಾಸ್ತ್ರ. ತಗ್ಗಿನ ಬೈಲು ಮೂರು ಬೆಳೆಯನ್ನೂ ಕೊಡಬಲ್ಲುದು. ಎತ್ತರದ ಬೆಟ್ಟು ಮಳೆಯನ್ನೇ ನಂಬಿ ಒಂದನ್ನು ಕೊಡುವುದು. ಗದ್ದೆ ಹೋಗಿ ಅಡಕೆತೋಟವಾಗಿ, ತೋಟ ಹೋಗಿ ರಬ್ಬರಾಗಿ, ಈಗ ಕಾಂಕ್ರೀಟಿನ ಮನೆಯೆದ್ದಿದ್ದರೂ ಹೆಸರು ಮಾತ್ರ ಹಳೆಯ ನೆಲವನ್ನು ಮರೆತಿಲ್ಲ.

ಹೆಸರಿನ ವಿಷಯ ಬಂದಾಗ ನಮ್ಮಲ್ಲಿ ಸಹಜವಾಗಿಯೇ ಉದ್ವೇಗವುಂಟಾಗುತ್ತದೆ. 2021ರಲ್ಲಿ ಈ ಜಿಲ್ಲೆಯ ಕೆಲವು ಊರುಗಳ ಕನ್ನಡ ಹೆಸರುಗಳನ್ನು ಬದಲಿಸಲಾಗುವುದೆಂಬ ಸುದ್ದಿ ಹಬ್ಬಿ ಎರಡೂ ರಾಜ್ಯಗಳಲ್ಲಿ ಚರ್ಚೆಯಾಯಿತು. ಅಂಥ ಯೋಚನೆಯಿಲ್ಲವೆಂದು ಕೇರಳ ಸರಕಾರ ಹೇಳಿತು. ಆ ವಿವಾದವನ್ನು ಇಲ್ಲಿ ಮತ್ತೆ ಬಿಚ್ಚುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತು ನಿಜ. ಸರಕಾರ ಆಜ್ಞೆ ಹೊರಡಿಸದಿದ್ದರೂ ಹೆಸರು ಬದಲಾಗಬಲ್ಲುದು. ಬಸ್ಸಿನ ಹಲಗೆಯ ಮೇಲೆ ಒಂದು ಬಗೆ, ಅಂಚೆಯ ಮೊಹರಿನಲ್ಲಿ ಇನ್ನೊಂದು ಬಗೆ, ಮೊಬೈಲಿನ ನಕ್ಷೆಯಲ್ಲಿ ಮೂರನೆಯ ಬಗೆ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಮರಳಿ ಕನ್ನಡಕ್ಕೆ ಬರುವಾಗ ಹೆತ್ತ ತಾಯಿಗೂ ಗುರುತು ಸಿಗದಂತಾಗಿರುತ್ತದೆ. ನಮ್ಮ ಬಳಗದ ವೃದ್ಧೆಯೊಬ್ಬರ ಪಿಂಚಣಿಯ ಅರ್ಜಿ ಮನೆತನದ ಹೆಸರು ಎರಡು ಕಾಗದಗಳಲ್ಲಿ ಎರಡು ತೆರನಾಗಿದ್ದುದರಿಂದ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ನಿಂತುಹೋಗಿತ್ತು. ಈ ಹೆಸರನ್ನು ಊರವರು ಹೀಗೆ ಉಚ್ಚರಿಸುತ್ತಾರೆ, ಇದರ ರೂಪಾಂತರಗಳು ಇಂತಿವೆ ಎಂದು ತೋರಿಸಲು ಒಂದು ಹಾಳೆಯ ದಾಖಲೆಯೂ ನಮ್ಮಲ್ಲಿರಲಿಲ್ಲ. ಸ್ಥಳಸ್ಮೃತಿಯ ಸಂಗ್ರಹವೆಂದರೆ ಬರಿಯ ಭಾವುಕತೆಯಲ್ಲ, ಬದುಕಿಗೆ ಬೇಕಾದ ಸಾಧನವೂ ಹೌದೆಂಬುದಕ್ಕೆ ಇಷ್ಟು ಸಾಕು.

ಇಂಥ ಸಂಗ್ರಹ ನಮ್ಮ ನಾಡಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ನಿಯಮಿತನಾದ ಕರ್ನಲ್ ಮೆಕೆಂಜಿಯು ತನ್ನ ದೇಶೀಯ ಸಹಾಯಕರನ್ನು ಊರೂರಿಗೆ ಕಳುಹಿಸಿ, ಶಾನುಭೋಗರಿಂದಲೂ ಹಿರಿಯರಿಂದಲೂ ಸ್ಥಳವೃತ್ತಾಂತಗಳನ್ನು ಬರೆಯಿಸಿ ತರಿಸಿದನು. ಕೈಫಿಯತ್ತುಗಳೆಂದು ಪ್ರಸಿದ್ಧವಾದವು ಇವೇ. ಆ ಕೆಲಸ ಮಾಡಿದವರಲ್ಲಿ ಕಾವಲಿ ವೆಂಕಟ ಬೊರಯ್ಯನಂಥ ನಮ್ಮವರೇ ಮುಖ್ಯರೆಂಬುದನ್ನು ಮರೆಯಬಾರದು. ಅದೇ ಕಾಲದಲ್ಲಿ, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ನನು ಮಲಬಾರಿನಿಂದ ಹೊರಟು ನಮ್ಮ ಈ ಕರಾವಳಿಯನ್ನೇ ಹಿಡಿದು ಉತ್ತರಕ್ಕೆ ನಡೆದು, ಬೆಳೆ, ಭೂಮಿ, ಜಾತಿ, ಕೂಲಿಗಳ ವಿವರವನ್ನು ಕೇಳಿ ಕೇಳಿ ಬರೆದುಕೊಂಡನು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಇವರಿಬ್ಬರ ಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಕೇಳಿದವರು ಆಳುವವರು. ಅವರ ಪ್ರಶ್ನೆಗಳು ಕಂದಾಯದವನ ಪ್ರಶ್ನೆಗಳು. ಭೂಮಿ ಎಷ್ಟು ಕೊಡುತ್ತದೆಂಬುದು ಅವರಿಗೆ ಬೇಕಾಗಿತ್ತು. ಅದೇ ಭೂಮಿಯಲ್ಲಿ ನೇಜಿ ನೆಡುವಾಗ ಹೆಂಗಸರು ಯಾವ ಪಾಡ್ದನ ಹಾಡುತ್ತಿದ್ದರೆಂಬುದು ಬೇಕಾಗಿರಲಿಲ್ಲ.

ಊರವರೇ ಕೈಗೂಡಿಸಿದರೆ ಎಂಥ ಕೆಲಸವಾಗಬಲ್ಲುದೆಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾಗಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಬರಿಯ ಗ್ರಂಥಾಲಯದಲ್ಲಿ ಕುಳಿತು ಮಾಡಿದ ಕೃತಿಯಲ್ಲ. ಪ್ರದೇಶ ಪ್ರದೇಶಗಳ, ಸಮುದಾಯ ಸಮುದಾಯಗಳ ಮಾತನ್ನು ಆಡುವವರ ಬಾಯಿಂದಲೇ ಕೇಳಿ ಕೂಡಿಸಿದುದು. ಪದಗಳಿಗೆ ಆದುದು ಸ್ಥಳಗಳಿಗೂ ಆಗಬೇಕು ಎಂಬುದಷ್ಟೇ ನಮ್ಮ ವಿನಂತಿ.

ಈಗಲೇ ಏಕೆ ಎಂದು ಕೇಳಬಹುದು. ಸ್ಥಳಗಳು ನಮ್ಮ ಕಣ್ಣೆದುರಿನಲ್ಲೇ ಮಾಯವಾಗುತ್ತಿರುವುದರಿಂದ. ತಲಪಾಡಿಯಿಂದ ದಕ್ಷಿಣಕ್ಕೆ ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಿಸಿದಾಗ ಎಷ್ಟೋ ಸಾಲುಮರಗಳೂ ಅಂಗಡಿಗಳೂ ಕಟ್ಟೆಗಳೂ ಹೋದುವು. ರಸ್ತೆ ಬೇಡವೆನ್ನುವವರು ನಾವಲ್ಲ. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯಬೇಕಾದ ಊರಿನವರಿಗೆ ರಸ್ತೆಯ ಬೆಲೆ ತಿಳಿದಿದೆ. ಆದರೆ ಮರದ ಕೆಳಗೆ ಕುಳಿತವರ ಲೆಕ್ಕವನ್ನು ಯಾರೂ ಬರೆದುಕೊಳ್ಳಲಿಲ್ಲ. ಸೇತುವೆಗಳಾದ ಮೇಲೆ ಕಡವುಗಳೂ ಅಂಬಿಗರೂ ಇಲ್ಲವಾದರು. ಕೊಳವೆಬಾವಿ ಬಂದಂದಿನಿಂದ ಸುರಂಗ ತೋಡುವವರು ಅಪರೂಪವಾದರು.

ಸುರಂಗದ ಮಾತನ್ನು ತುಸು ಬಿಡಿಸಿ ಹೇಳಬೇಕು. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು, ಒಬ್ಬಾಳು ನುಸುಳುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಯಾವ ಯಂತ್ರದ ನೆರವೂ ಇಲ್ಲದೆ ಅಂಗಳಕ್ಕೆ ಹರಿಯಿಸುವ ಈ ವಿದ್ಯೆ ನಮ್ಮ ಬಾಯಾರು, ಎಣ್ಮಕಜೆ, ಪಡ್ರೆ ಕಡೆಗಳಲ್ಲಿ ಮನೆಮಾತಾಗಿತ್ತು. ತೋಡುವವನು ಕೋಲಿನ ಲೆಕ್ಕದಲ್ಲಿ ಅಳೆಯುತ್ತಿದ್ದನು. ಕೋಲೆಂದರೆ ಸುಮಾರು ಎರಡೂವರೆ ಅಡಿ. ದೀಪ ಹಿಡಿದು ಒಳಹೊಕ್ಕು, ಜ್ವಾಲೆ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹಿಂದೆ ಸರಿಯುತ್ತಿದ್ದನು. ಯಾವ ಮರ ಬೆಳೆದಲ್ಲಿ, ಎಂಥ ಮಣ್ಣಿನಲ್ಲಿ ನೀರಿದೆಯೆಂಬುದು ಅವನಿಗೆ ಗೊತ್ತಿತ್ತು. ಈ ತಿಳಿವಳಿಕೆಯೆಲ್ಲ ಪುಸ್ತಕದಲ್ಲಿರಲಿಲ್ಲ. ಒಂದೊಂದು ಗುಡ್ಡಕ್ಕೂ ಅಂಟಿಕೊಂಡು ಒಬ್ಬೊಬ್ಬ ವೃದ್ಧನ ತಲೆಯಲ್ಲಿತ್ತು. ಮಳೆಗಾಲ ಕಳೆದು ತೋಡಿನ ಹರಿವು ಇಳಿದಾಗ ಊರವರೆಲ್ಲ ಸೇರಿ ಕಲ್ಲುಮಣ್ಣಿನಿಂದ ಕಟ್ಟುತ್ತಿದ್ದ ಕಟ್ಟಗಳ ಸಂಗತಿಯೂ ಹಾಗೆಯೇ. ಏತಡ್ಕದಂಥ ಕಡೆ ಆ ಪದ್ಧತಿ ಉಳಿದುಬಂದು ಹೊರಗಿನವರೂ ನೋಡಲು ಬರುವಂತಾಯಿತು. ಬೇಸಗೆಯಲ್ಲಿ ನೀರಿಗಾಗಿ ಹಂಬಲಿಸುವ ಈ ಜಿಲ್ಲೆಗೆ, ಹಿಂದೆ ಎಲ್ಲೆಲ್ಲಿ ಕಟ್ಟವಿತ್ತೆಂಬ ಪಟ್ಟಿಯೊಂದು ಸಿದ್ಧವಾದರೆ ಅದು ಚರಿತ್ರೆಯೂ ಹೌದು, ನಾಳಿನ ನೀರೂ ಹೌದು.

ಇನ್ನು ಕೆಲಸದ ಕ್ರಮ. ಎರಡು ಬೇಸಗೆಯ ರಜೆಗಳಲ್ಲಿ ನಮ್ಮ ಶಾಲೆಯ ಮಕ್ಕಳೊಡನೆ ಸ್ವಲ್ಪ ಪ್ರಯೋಗ ಮಾಡಿ ನೋಡಿದ ಬಲದಿಂದ ಈ ಸಲಹೆಗಳನ್ನು ಮುಂದಿಡುತ್ತಿದ್ದೇವೆ.

ಮೊದಲನೆಯದಾಗಿ, ವ್ಯಕ್ತಿಯಿಂದ ಆರಂಭಿಸದೆ ಸ್ಥಳದಿಂದ ಆರಂಭಿಸಬೇಕು. 'ನಿಮ್ಮ ಹಳೆಯ ನೆನಪುಗಳನ್ನು ಹೇಳಿ' ಎಂದರೆ ಹಿರಿಯರು 'ನಮ್ಮದೇನು ಮಹಾ' ಎಂದು ಸುಮ್ಮನಾಗುತ್ತಾರೆ. ಅವರನ್ನೇ ಬಾವಿಕಟ್ಟೆಗೋ ಹಳೆಯ ಕಡವಿಗೋ ಕರೆದೊಯ್ದು 'ಇಲ್ಲಿ ಏನಿತ್ತು?' ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ. ನೆಲವೇ ನೆನಪಿಸುತ್ತದೆ. ಒಂದು ಸ್ಥಳಕ್ಕೆ ಒಂದು ಹಾಳೆ. ಅದರ ಮೇಲುಗಡೆ ಸ್ಥಳದ ಹೆಸರು, ಅದನ್ನು ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಆಡುವವರು ಕರೆಯುವ ರೂಪಗಳು. ಅದರ ಕೆಳಗೆ ಸ್ಥಳದ ಗುರುತು. ಈ ಕಾಲದ ಮೊಬೈಲು ಅಕ್ಷಾಂಶ ರೇಖಾಂಶಗಳನ್ನು ಕ್ಷಣದಲ್ಲಿ ತೋರಿಸುತ್ತದೆ, ಅದನ್ನು ಬರೆದುಕೊಳ್ಳಬೇಕು. ಜೊತೆಗೆ, ಶಾಲೆಯಿಂದ ಯಾವ ದಿಕ್ಕಿಗೆ, ಯಾವ ತೋಡಿನ ಆಚೆಗೆ ಎಂದು ಮಾತಿನಲ್ಲಿಯೂ ಬರೆಯಬೇಕು. ಯಂತ್ರ ಕೆಟ್ಟರೂ ಮಾತು ದಾರಿ ತೋರಬೇಕು.

ಎರಡನೆಯದಾಗಿ, ಕಾಲವನ್ನು ಹಿಡಿಯುವ ಉಪಾಯ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ. ಆದುದರಿಂದ ಎಲ್ಲರಿಗೂ ತಿಳಿದ ಕೆಲವು ಗೂಟಗಳನ್ನು ನೆಟ್ಟುಕೊಳ್ಳಬೇಕು: ಮಂಗಳೂರಿಗೆ ರೈಲು ಬಂದ 1907, ಸ್ವಾತಂತ್ರ್ಯದ 1947, ಕೇರಳಕ್ಕೆ ಸೇರಿದ 1956, ಗೋವಿಂದ ಪೈಗಳು ತೀರಿಕೊಂಡ 1963, ಗೇಣಿ ರದ್ದಾದ 1970ರ ಜನವರಿ 1, ಜಿಲ್ಲೆಯಾದ 1984. ಅದಕ್ಕಿಂತ ಮೊದಲೋ ಆಮೇಲೋ ಎಂದು ಕೇಳುತ್ತ ಬಂದರೆ ಕಾಲ ತಕ್ಕಮಟ್ಟಿಗೆ ಖಚಿತವಾಗುತ್ತದೆ. ದಕ್ಷಿಣ ಭಾಗದ ಹಳಬರು ಕೊಲ್ಲಂ ವರ್ಷವನ್ನು ಹೇಳಿದರೆ, ಸಿಂಹ ಮಾಸದಿಂದ ಧನು ಮಾಸದ ನಡುವಿನ ತನಕ 824ನ್ನೂ ಅಲ್ಲಿಂದ ಮುಂದಕ್ಕೆ 825ನ್ನೂ ಕೂಡಿಸಿದರೆ ಇಸವಿ ಸಿಗುತ್ತದೆ. ಕೊಲ್ಲಂ 1099ರ ಕರ್ಕಾಟಕದ ಮಹಾಪ್ರವಾಹವೆಂದರೆ 1924ರ ಜುಲೈ ತಿಂಗಳದು. ತುಳು ತಿಂಗಳನ್ನು ಹೇಳುವವರು ಬಿಸುವಿನಿಂದ ತೊಡಗಿ ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು ಎಣಿಸುತ್ತಾರೆ; ಅದನ್ನು ಹಾಗೆಯೇ ಬರೆದು ಪಕ್ಕದಲ್ಲಿ ನಮ್ಮ ತಿಂಗಳನ್ನು ಹಾಕಬೇಕು.

ಮೂರನೆಯದಾಗಿ, ಆಡಿದ ಮಾತನ್ನು ತಿದ್ದಬಾರದು. ಹವ್ಯಕ ಕನ್ನಡವಾಗಲಿ ತುಳುವಾಗಲಿ ಹೇಳಿದವರ ಬಾಯಿಂದ ಬಂದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು; ಧ್ವನಿಯನ್ನೂ ಮುದ್ರಿಸಿಕೊಳ್ಳಬೇಕು. ಕನ್ನಡ ಪಂಡಿತರಾದ ನಮಗೆ ವಾಕ್ಯವನ್ನು ಗ್ರಾಂಥಿಕಗೊಳಿಸುವ ಚಪಲ ಹೆಚ್ಚು. ಅದನ್ನು ತರಗತಿಗೆ ಮೀಸಲಿಡೋಣ.

ನಾಲ್ಕನೆಯದಾಗಿ, ಕಂಡುದನ್ನೂ ಕೇಳಿದುದನ್ನೂ ಬೇರ್ಪಡಿಸಬೇಕು. ಅನಂತಪುರದ ಸರೋವರ ಕ್ಷೇತ್ರದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ದೇಶದ ಪತ್ರಿಕೆಗಳೆಲ್ಲ ಬರೆದುವು. ಅದು ಕಂಡ ಸಂಗತಿ. ಹಿಂದೊಮ್ಮೆ ಆಂಗ್ಲ ಸಿಪಾಯಿಯೊಬ್ಬನು ಅಲ್ಲಿನ ಮೊಸಳೆಯನ್ನು ಕೊಂದನೆಂದೂ, ಅವನು ಹಾವು ಕಚ್ಚಿ ಸತ್ತನೆಂದೂ, ಕೆಲವೇ ದಿನಗಳಲ್ಲಿ ಹೊಸ ಮೊಸಳೆ ಕಾಣಿಸಿತೆಂದೂ ಹೇಳುವುದು ಐತಿಹ್ಯ. ಐತಿಹ್ಯವನ್ನು ಬಿಡಬಾರದು, 'ಹೀಗೆ ಹೇಳುತ್ತಾರೆ' ಎಂಬ ಮಾತನ್ನೂ ಬಿಡಬಾರದು.

ಐದನೆಯದಾಗಿ, ಹೇಳಿದವರ ಒಪ್ಪಿಗೆ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಬೇಕು. ಬರೆದುದನ್ನು ಅವರಿಗೆ ಓದಿ ಹೇಳಬೇಕು. ಮನೆಯೊಳಗಿನ ಜಗಳ, ಆಸ್ತಿಯ ವ್ಯಾಜ್ಯ ಮೊದಲಾದುವನ್ನು ಊರ ಚರಿತ್ರೆಯೆಂದು ಬಯಲಿಗೆಳೆಯಬಾರದು. ಕೊನೆಯದಾಗಿ, ಪ್ರತಿಯೊಂದು ಹಾಳೆಗೂ ಮೂರು ಪ್ರತಿ: ಒಂದು ಶಾಲೆಯಲ್ಲಿ, ಒಂದು ಊರಿನ ವಾಚನಾಲಯದಲ್ಲಿ, ಒಂದು ಸಂಘದಲ್ಲಿ. ಒಂದು ಕಡೆ ಗೆದ್ದಲು ಹಿಡಿದರೆ ಇನ್ನೊಂದು ಕಡೆ ಉಳಿಯಲಿ.

ಮಹನೀಯರೆ, ಈಗ ಕೊಂಚ ಕಠಿನವಾದ ಮಾತೊಂದನ್ನು ಹೇಳಬೇಕಾಗಿದೆ. ಗಡಿನಾಡಿನಲ್ಲಿ ಯಾವ ಸಂಗ್ರಹವನ್ನು ಕೈಗೊಂಡರೂ ಅದನ್ನು ವಾದದ ಅಸ್ತ್ರವಾಗಿ ಬಳಸುವ ಆಸೆ ಹುಟ್ಟುತ್ತದೆ. ಕನ್ನಡದ ಹೆಸರುಗಳನ್ನೇ ಆರಿಸೋಣ, ಕನ್ನಡದ ಶಾಸನಗಳನ್ನೇ ಎಣಿಸೋಣ, ಉಳಿದುದನ್ನು ಬಿಡೋಣ ಎಂಬ ಆಸೆ. ಅದಕ್ಕೆ ನಾವು ಮಣಿಯಕೂಡದು. ತಳಂಗರೆಯಲ್ಲಿ ಹಳೆಯ ಕನ್ನಡ ಶಾಸನವೂ ದೊರೆತಿದೆ, ಮಾಲಿಕ್ ದೀನಾರ್ ಮಸೀದಿಯೂ ಇದೆ. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಅದು ತಳಂಗರೆಯ ಸ್ಮೃತಿಯಾಗದು. ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಅದರ ನೆರೆಯ ಮೊಗ್ರಾಲು ಮಾಪ್ಪಿಳ ಹಾಡುಗಳ ಊರು. ಕೆಳದಿಯ ಅರಸರ ಕೋಟೆಯಿಂದ ಹೆಸರಾದ ಹೊಸದುರ್ಗವನ್ನು ಮಲಯಾಳದಲ್ಲಿ ಪುದಿಯಕೋಟ್ಟ ಎನ್ನುತ್ತಾರೆ. ಎರಡರ ಅರ್ಥವೂ ಹೊಸ ಕೋಟೆಯೇ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಮಾತ್ರ ಆ ಸ್ಥಳ ಪೂರ್ಣವಾಗುತ್ತದೆ. 1941ರ ಕಯ್ಯೂರಿನ ರೈತರ ಹೋರಾಟವನ್ನು, 1943ರಲ್ಲಿ ಗಲ್ಲಿಗೇರಿದ ನಾಲ್ವರ ಕಥೆಯನ್ನು ಕನ್ನಡಕ್ಕೆ ತಂದವರು ನಿರಂಜನರು. ಅವರ 'ಚಿರಸ್ಮರಣೆ' ಹೊರಬಂದುದು 1955ರಲ್ಲಿ. ಆ ರೈತರ ಮಾತು ಮಲಯಾಳ, ಅವರನ್ನು ನೆನೆದ ಕಾದಂಬರಿ ಕನ್ನಡ. ನೆನಪಿಗೆ ಗಡಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗೆಯೇ ನಮಗೆ ಹಿತವಾದ ನೆನಪುಗಳನ್ನಷ್ಟೇ ಕೂಡಿಸುವುದೂ ಸಲ್ಲದು. ಯಾವ ದಾರಿಯಲ್ಲಿ ಯಾರು ನಡೆಯುವಂತಿರಲಿಲ್ಲ, ಯಾವ ಬಾವಿಯ ನೀರನ್ನು ಯಾರು ಮುಟ್ಟುವಂತಿರಲಿಲ್ಲ, ದೇವಾಲಯದಿಂದ ಎಷ್ಟು ದೂರದಲ್ಲಿ ಯಾರು ನಿಲ್ಲಬೇಕಾಗಿತ್ತು, ಇವೂ ಸ್ಥಳದ ನೆನಪುಗಳೇ. ದೇವಾಲಯ ಪ್ರವೇಶದ ಶಾಸನ ಮದರಾಸಿನಲ್ಲಿ 1947ರಲ್ಲಿ ಆಯಿತು. ಬಾಗಿಲು ಎಂದು ನಿಜವಾಗಿ ತೆರೆಯಿತೆಂಬುದನ್ನು ಆಯಾ ಊರಿನವರೇ ಹೇಳಬೇಕು. ಕೊರಗರ ಕೊಪ್ಪದಲ್ಲಿ ಬುಟ್ಟಿ ಹೆಣೆಯುವ ಅಜ್ಜಿಗೆ ತಿಳಿದ ಗುಡ್ಡದ ದಾರಿಗಳು ಬೀಡಿನ ಯಜಮಾನರಿಗೆ ತಿಳಿದಿರಲಾರವು. ಎಣ್ಮಕಜೆಯ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದುದು 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶಕ್ಕೆ ದೇಶವೇ ಬಳಸದಂತೆ ತಡೆಯಿತು. ಆದರೆ ಯಾವ ತೋಡಿನ ನೀರು ಕುಡಿದವರು, ಯಾವ ಗುಡ್ಡದ ಬುಡದಲ್ಲಿ ಬಾಳಿದವರು ಏನನ್ನು ಅನುಭವಿಸಿದರೆಂಬುದು ಅವರವರ ತಾಯಂದಿರ ಬಾಯಲ್ಲಿದೆ. ಅದನ್ನು ಕೇಳುವುದಕ್ಕೆ ಕಿವಿಯಷ್ಟೇ ಸಾಲದು, ಎದೆಯೂ ಬೇಕು. ಅವಸರದಿಂದ ಹೋಗಿ ಕೇಳಿ ಬರುವ ವಿಷಯವೂ ಅದಲ್ಲ.

ಇಷ್ಟನ್ನೆಲ್ಲ ಮಾಡುವವರು ಯಾರು? ನಮ್ಮ ಶಾಲೆಗಳ ಮಕ್ಕಳು. ಕನ್ನಡ ಮಾಧ್ಯಮದ ತರಗತಿಗಳು ಕೃಶವಾಗುತ್ತಿರುವ ಈ ಕಾಲದಲ್ಲಿ 'ಕನ್ನಡ ಕಲಿತು ಏನು ಪ್ರಯೋಜನ?' ಎಂಬ ಪ್ರಶ್ನೆ ಮನೆಮನೆಯಲ್ಲಿ ಏಳುತ್ತಿದೆ. ಆ ಪ್ರಶ್ನೆಗೆ ಭಾಷಣದಿಂದ ಉತ್ತರ ಕೊಡಲಾಗದು. ತನ್ನ ಅಜ್ಜನು ಹೇಳಿದ ಸುರಂಗದ ಕಥೆಯನ್ನು ತಾನೇ ಬರೆದು, ಅದು ಸಂಘದ ಗ್ರಂಥದಲ್ಲಿ ಸೇರಿದುದನ್ನು ಕಂಡ ಮಗುವಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ಮನೆಯಲ್ಲಿ ಮಲಯಾಳವಾಡುವ ಮಕ್ಕಳನ್ನೂ ಈ ಕೆಲಸಕ್ಕೆ ಕರೆಯಬೇಕು; ಅವರ ಅಜ್ಜಿಯರ ನೆನಪೂ ಇದೇ ನೆಲದ್ದು. ನಮ್ಮೊಡನೆ ಬಂದ ಹುಡುಗಿಯೊಬ್ಬಳು ಒಂದೇ ಕಡವಿಗೆ ನಾಲ್ಕು ಹೆಸರು ಬರೆದು ತಂದು, 'ಇದರಲ್ಲಿ ಸರಿ ಯಾವುದು?' ಎಂದು ಕೇಳಿದಳು. 'ನಾಲ್ಕೂ ಸರಿ, ನಾಲ್ಕು ಕಡೆಯಿಂದ ಜನ ದಾಟುತ್ತಿದ್ದರು' ಎಂದೆವು. ವ್ಯಾಕರಣದ ಹತ್ತು ಪಾಠಗಳಲ್ಲಿ ಕಲಿಸಲಾಗದುದನ್ನು ಆ ದಿನ ಆ ಮಗು ಕಲಿತಿತು.

ಆದುದರಿಂದ ಸಂಘದ ಮುಂದೆ ನಮ್ಮ ಬೇಡಿಕೆ ಸಣ್ಣದು. ಪ್ರತಿಯೊಂದು ಪಂಚಾಯತಿನಿಂದ ಇಬ್ಬರು ಹಿರಿಯರೂ ಇಬ್ಬರು ಉಪಾಧ್ಯಾಯರೂ ಮುಂದೆ ಬರಲಿ; ಅವರಲ್ಲಿ ಒಬ್ಬರಾದರೂ ಹೆಂಗಸರಿರಲಿ, ಏಕೆಂದರೆ ಬಾವಿ, ಗದ್ದೆ, ತೋಡುಗಳ ನೆನಪು ಹೆಚ್ಚಾಗಿ ಅವರದು. ತಿಂಗಳಿಗೆ ಒಂದು ಊರಿನಲ್ಲಿ ಒಂದು ಸಂಜೆ ಕೂಡೋಣ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಒಂದು ಪಂಚಾಯತಿನ ಹಾಳೆಗಳಾದರೂ ಪೂರ್ಣವಾಗಲಿ. ಹತ್ತು ಊರುಗಳನ್ನು ಅರ್ಧ ಮಾಡುವುದಕ್ಕಿಂತ ಒಂದನ್ನು ಮುಗಿಸುವುದು ಮೇಲು. ಹಣ ಹೆಚ್ಚು ಬೇಕಾಗಿಲ್ಲ. ಕಾಗದ, ಲೇಖನಿ, ಎಲ್ಲರ ಜೇಬಿನಲ್ಲೂ ಇರುವ ಮೊಬೈಲು, ಅಷ್ಟು ಸಾಕು. ಬೇಕಾದುದು ಸಮಯ. ಅದು ನಮ್ಮಲ್ಲಿ ಇರಬಹುದು; ಹೇಳಬೇಕಾದ ಹಿರಿಯರಲ್ಲಿ ಹೆಚ್ಚಿಲ್ಲ.

ರಾಜ್ಯದ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದು 1956ರಲ್ಲಿ ನಮ್ಮ ಕೈಯಲ್ಲಿರಲಿಲ್ಲ, ಇಂದೂ ಇಲ್ಲ. ನಾವು ನಿಂತ ನೆಲವನ್ನು ಅರಿತು, ಅದರ ಕಥೆಯನ್ನು ಮುಂದಿನವರ ಕೈಗೆ ಒಪ್ಪಿಸುವುದು ಮಾತ್ರ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಹಿರಿಯರು ಹರಸಬೇಕು, ತರುಣರು ಹೆಗಲು ಕೊಡಬೇಕು.